ಎರಡನೆಯ ಕರೆ

ನನ್ನ ಕಿವಿಗಳು ಸರಿಯಾಗಿಯೇ ಇವೆ. ಇದು ನನ್ನ ಮಾತಲ್ಲ. ಉಡುಪಿಯ ಕಿವಿಯ ಡಾಕ್ಟರರು ತಮ್ಮ ಕೈಬರಹದಲ್ಲಿ ಬರೆದುಕೊಟ್ಟ ಮಾತು. ಹೊರಗೆ ನಲವತ್ತು ನಿಮಿಷ ಕಾಯಿಸಿ, ಒಳಗೆ ಗಾಜಿನ ಗೂಡಿನಲ್ಲಿ ಕೂರಿಸಿ, ತಲೆಗೊಂದು ಯಂತ್ರ ಸಿಕ್ಕಿಸಿ, ನುಸಿ ಹಾಡಿದಷ್ಟು ಸಣ್ಣ ಸದ್ದಿಗೂ ನಾನು ಬೆರಳೆತ್ತಿದ ಮೇಲೆ ಕೊಟ್ಟ ಚೀಟಿ ಅದು. ಅದನ್ನು ತಂದು ಊಟದ ಮೇಜಿನ ಮೇಲೆ ಸೊಸೆ ಜೆಸಿಂತಳ ಮುಂದೆ ಇಟ್ಟೆ.

ಅವಳು ಓದಿ, ಮಡಚಿ, "ಹಾಗಾದ್ರೆ ಪಪ್ಪಾ, ಕರೆದ ಕೂಡ್ಲೇ ಯಾಕೆ ಮಾತಾಡುದಿಲ್ಲ ನೀವು? ನನ್ನ ಹತ್ರ ಎರಡೆರಡು ಸಲ ಬೊಬ್ಬೆ ಹಾಕಿಸ್ಲಿಕ್ಕಾ?" ಎಂದಳು.

ಕಳೆದ ಈಸ್ಟರ್ ಹಬ್ಬದ ದಿನ ಇದೇ ಸೊಸೆ ನೆರೆಮನೆಯ ಹೆಂಗಸಿನೊಡನೆ, "ನಮ್ಮ ಮಾವನಿಗೆ ಕಿವಿ ಕೇಳುದಿಲ್ಲ ಮಾರಾಯ್ತಿ" ಎಂದು ಹೇಳಿದ್ದಳು. ನಾನು ಅಲ್ಲಿಂದ ಮೂರು ಮಾರು ದೂರದಲ್ಲಿ ಪತ್ರಿಕೆ ಓದುತ್ತಿದ್ದೆ. ಕಿವಿ ಕೇಳುವುದರಿಂದಲೇ ಅದು ನನಗೆ ಕೇಳಿಸಿತು.

ಅವಳ ಪ್ರಶ್ನೆ ಮಾತ್ರ ನ್ಯಾಯವಾದದ್ದೆಂದು ಒಪ್ಪುತ್ತೇನೆ. ಮೊದಲ ಕರೆಗೆ ನಾನು ಓಗೊಡುವುದಿಲ್ಲ. ಎರಡನೆಯದಕ್ಕೆ ತಪ್ಪದೆ ಓಗೊಡುತ್ತೇನೆ. ಸುಮಾರು ಮೂವತ್ತು ವರ್ಷಗಳ ಅಭ್ಯಾಸವಿದು. ಇದು ನನಗೆ ಅಂಟಿದ್ದು ಕತಾರ್ ದೇಶದ ದೋಹಾದಲ್ಲಿದ್ದಾಗ, ಒಬ್ಬ ಆಸ್ಟ್ರೇಲಿಯನ್ನರ ಐರಿಷ್ ಮುತ್ತಜ್ಜನ ದೆಸೆಯಿಂದ. ಅಷ್ಟನ್ನು ಊಟದ ಮೇಜಿನಲ್ಲಿ, ಸಾರು ಆರುವ ಮೊದಲು ಹೇಳಿ ಮುಗಿಸಲು ಸಾಧ್ಯವಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬಿಡುವಿದ್ದರೆ ಕೇಳಿ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ದೋಹಾದ ಒಂದು ಎಂಜಿನಿಯರುಗಳ ಕಚೇರಿಯಲ್ಲಿ ಕಟ್ಟಡದ ನಕ್ಷೆಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ಹುದ್ದೆಯ ಹೆಸರು ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ಕೇಳಿದವರು ಊರಿನಲ್ಲಿ ನನ್ನನ್ನು ದೊಡ್ಡ ಅಧಿಕಾರಿಯೆಂದು ತಿಳಿದಿದ್ದರು. ನನ್ನ ಭಾವನೊಬ್ಬ ಮಾತ್ರ ಒಂದು ಮದುವೆಯ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, "ಅಂದ್ರೆ ಫೈಲ್ ಎತ್ತಿಡುದು, ಅಲ್ವಾ?" ಎಂದಿದ್ದ. ಭಾವ ಈಗ ತೀರಿಕೊಂಡಿದ್ದಾನೆ. ಆದ್ದರಿಂದ ಆ ವಿಷಯವನ್ನು ಬೆಳೆಸುವುದಿಲ್ಲ.

ಆ ಕೆಲಸದ ಒಂದು ನಿಯಮವನ್ನು ಮಾತ್ರ ನೀವು ತಿಳಿದಿರಬೇಕು. ಒಂದು ನಕ್ಷೆ ಬದಲಾದಾಗ ಹಳೆಯದನ್ನು ಹರಿದೆಸೆಯುವಂತಿಲ್ಲ. ಅದರ ಮೇಲೆ 'ಸೂಪರ್‌ಸೀಡೆಡ್' (ಇದರ ಜಾಗಕ್ಕೆ ಹೊಸದು ಬಂದಿದೆ) ಎಂಬ ಕೆಂಪು ಮುದ್ರೆಯೊತ್ತಿ, ಬೇರೊಂದು ಕಪಾಟಿನಲ್ಲಿ ಮಲಗಿಸಿಡಬೇಕು. ಹೊಸ ನಕ್ಷೆಗೆ ಹೊಸ ಸಂಖ್ಯೆ ಕೊಡುವಂತೆಯೂ ಇಲ್ಲ. ಅದೇ ಸಂಖ್ಯೆ, ಹಿಂದಿನದು 'ರಿವಿಷನ್ ಎ' ಆಗಿದ್ದರೆ ಇದು 'ರಿವಿಷನ್ ಬಿ'. ಕಟ್ಟಡ ಏಳುವುದು ಬಿ ನಕ್ಷೆಯ ಪ್ರಕಾರ. ಎ ಕಪಾಟಿನಲ್ಲಿ ಮಲಗಿರುತ್ತದೆ. ಯಾರೂ ತೆರೆದು ನೋಡುವುದಿಲ್ಲ. ಆ ಕಪಾಟಿನ ಬೀಗದ ಕೈ ನನ್ನ ಬಳಿ ಇರುತ್ತಿತ್ತು.

ನಮ್ಮ ಮುಖ್ಯ ಎಂಜಿನಿಯರರ ಹೆಸರು ಕ್ವಿನ್. ಆಸ್ಟ್ರೇಲಿಯದವರು; ಉದ್ದನೆಯ, ಬಿಸಿಲಿಗೆ ಕೆಂಪಾದ, ಅವಸರದ ಮನುಷ್ಯ. ಪಾಸ್ಕಲ್ ಎಂಬ ನನ್ನ ಹೆಸರು ಅವರ ಬಾಯಿಗೆ ಭಾರವಾಯಿತೋ ಏನೋ, ಮೂರು ವರ್ಷ ನನ್ನನ್ನು 'ಪಾಲ್' ಎಂದೇ ಕರೆದರು. ನಾಲ್ಕು ಸಲ ಲಿಖಿತವಾಗಿ ತಿದ್ದಿದೆ. ನಾಲ್ಕು ಮೆಮೋಗಳ ಪ್ರತಿಗಳೂ ನನ್ನ ಬಳಿ ಇವೆ. ಐದನೆಯದನ್ನು ಬರೆಯದೆ ಬಿಟ್ಟದ್ದು ಸ್ವಾಭಿಮಾನದಿಂದ.

ಒಂದು ಗುರುವಾರ ಮಧ್ಯಾಹ್ನ (ಅಲ್ಲಿ ಗುರುವಾರ ಅರ್ಧ ದಿನ, ಶುಕ್ರವಾರ ರಜೆ) ಎಲ್ಲರೂ ಹೊರಟುಹೋದ ಮೇಲೆ ಕ್ವಿನ್ ಜೆರಾಕ್ಸ್ ಯಂತ್ರದ ಮುಂದೆ ನಿಂತಿದ್ದರು. ಒಂದು ಹಾಳೆಯನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಕೊನೆಗೆ ಯಂತ್ರಕ್ಕೇ ಒಂದು ಬೈಗುಳ ಕೊಟ್ಟರು. ನಾನು ಬೀಗ ಹಾಕಲು ಹೋದವನು. ಇಣುಕಿ ನೋಡುವ ಚಪಲ ನನಗಿಲ್ಲ. ಆದರೆ ಆ ಹಾಳೆ ಅಷ್ಟು ಹೊತ್ತಿಗೆ ಮೇಜಿನಗಲ ಬೆಳೆದಿತ್ತು. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಗೀರುಗೀರು ಅಕ್ಷರ. ಲ್ಯಾಟಿನ್. ನೋಡಿದೊಡನೆ, ಪರದೇಶದ ಬೀದಿಯಲ್ಲಿ ನಮ್ಮೂರಿನವನ ನಡಿಗೆಯನ್ನು ಗುರುತಿಸಿದಂತೆ, ನನಗೆ ಅದರ ಗುರುತು ಹತ್ತಿತು.

"ಅದು ಜುಲೈ ಅಲ್ಲ ಸರ್," ಎಂದೆ. ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಹಾಗೆಂದು ಬರೆದುಕೊಂಡಿದ್ದರು. "ಏಳರ ಅಂಕಿಯ ಮುಂದೆ 'ಬ್ರಿಸ್' ಎಂದಿದೆ. ಲ್ಯಾಟಿನ್ನಿನಲ್ಲಿ ಏಳು ಎಂದರೆ 'ಸೆಪ್ಟೆಮ್'; ಹಳೆಯ ಪಾದ್ರಿಗಳು ಸೆಪ್ಟೆಂಬರನ್ನು ಹಾಗೆ ಬರೆಯುತ್ತಿದ್ದರು."

ಕ್ವಿನ್ ತಿರುಗಿದರು. ಮೂರು ವರ್ಷಗಳಲ್ಲಿ ಮೊದಲ ಸಲ ಅವರು ನನ್ನ ಮುಖವನ್ನು ನೋಡಿದಂತೆ ನನಗೆ ತೋರಿತು.

"ಇದನ್ನು ಎಲ್ಲಿ ಕಲಿತಿರಿ, ಪಾಲ್?"

"ಪಾಸ್ಕಲ್," ಎಂದೆ. "ಇಗರ್ಜಿಯಲ್ಲಿ."

ನಾವಿಬ್ಬರೂ ಆಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತಂದವನು ನಾನೇ ಆದ್ದರಿಂದ, ಅವರ ಮಾತಿನ ಸೊಗಸು ಎಲ್ಲಾದರೂ ಕೆಟ್ಟಿದ್ದರೆ ಹೊಣೆ ನನ್ನದು. ಇಗರ್ಜಿ ಎಂಬ ಮಾತನ್ನು ಅವರಿಗೆ ಬಿಡಿಸಿ ಹೇಳಬೇಕಾಯಿತು: ನಮ್ಮ ಕರಾವಳಿಯ ಕ್ರೈಸ್ತರು ಚರ್ಚನ್ನು ಕರೆಯುವುದು ಹಾಗೆ.

ನನ್ನ ಅಪ್ಪ ಇಗರ್ಜಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಅಕ್ಷರ ದುಂಡಗಿದ್ದದ್ದೇ ಅವರ ಪಾಲಿಗೆ ಶಿಕ್ಷೆಯಾಯಿತು. ಪ್ರತಿ ಬೇಸಿಗೆ ರಜೆಯಲ್ಲೂ ಪಾದ್ರಿಗಳು ಅವರನ್ನು ಕರೆಸಿ, ಹುಟ್ಟಿದ ಮಕ್ಕಳಿಗೆ ಇಗರ್ಜಿಯಲ್ಲಿ ಹೆಸರಿಟ್ಟದ್ದನ್ನು ದಾಖಲಿಸುವ, ಹುಳ ಹಿಡಿದ ಜ್ಞಾನಸ್ನಾನದ ಪುಸ್ತಕಗಳನ್ನು ಹೊಸ ಪುಸ್ತಕಕ್ಕೆ ನಕಲು ಮಾಡಲು ಕೂರಿಸುತ್ತಿದ್ದರು. ನಾನು ಓದಿ ಹೇಳುವವನು, ಅಪ್ಪ ಬರೆಯುವವರು. ಪುಟಗಳ ನಡುವೆ ಒಣಗಿದ ಕಹಿಬೇವಿನ ಎಲೆಗಳು. ತಿರುವಿದರೆ ಪುಡಿಯಾಗಿ ತೊಡೆಯ ಮೇಲೆ ಉದುರುತ್ತಿದ್ದವು. ಮೇಣದ ಬತ್ತಿಯ ವಾಸನೆ, ಹಳೆಯ ಶಾಯಿಯ ವಾಸನೆ. ಒಂದೊಂದು ಮಗುವಿಗೆ ಮೂರು ಸಾಲು: ತಾರೀಖು, ಹೆಸರು, ತಂದೆತಾಯಿ, ಮಗುವನ್ನು ಎತ್ತಿ ಹಿಡಿದ ಜ್ಞಾನತಂದೆ ಮತ್ತು ಜ್ಞಾನತಾಯಿ. ಒಂದು ಪುಟ ತಪ್ಪಿಲ್ಲದೆ ಮುಗಿದರೆ ಒಂದು ಪೆಪ್ಪರ್‌ಮಿಂಟ್, ತಪ್ಪಿದರೆ ಕಿವಿ ಹಿಂಡು. ನನ್ನ ಕಿವಿಗಳು ಎಷ್ಟು ಗಟ್ಟಿಯೆಂಬುದಕ್ಕೆ ಇದೂ ಒಂದು ಸಾಕ್ಷಿ.

ಒಂಬತ್ತನೆಯ ವಯಸ್ಸಿನ ಬೇಸಿಗೆಯಲ್ಲಿ ಹೀಗೆ ಓದುತ್ತ ಓದುತ್ತ ನಾನು ನನ್ನ ಬಳಿಗೇ ಬಂದೆ. ಪಾಸ್ಕಾಲಿಸ್. ತಂದೆಯ ಜಾಗದಲ್ಲಿ ಅಪ್ಪನ ಹೆಸರು, ತಾಯಿಯ ಜಾಗದಲ್ಲಿ ತಾಯಿಯ ಹೆಸರು. ಆದರೆ ಪಕ್ಕದ ಅಂಚಿನಲ್ಲಿ ಒಂದು ಸಣ್ಣ ಶಿಲುಬೆ. ಅದರ ಕೆಳಗೆ 'ಓಬ್' ಎಂದು ಎರಡಕ್ಷರ. ಆ ಗುರುತಿನ ಅರ್ಥ ಅಷ್ಟರಲ್ಲಿ ನನಗೆ ತಿಳಿದಿತ್ತು: ಈ ಮಗು ತೀರಿಕೊಂಡಿದೆ. ಪೆಪ್ಪರ್‌ಮಿಂಟನ್ನು ಕೆನ್ನೆಯ ಒಂದು ಬದಿಗೆ ಸರಿಸಿ, "ಅಪ್ಪಾ, ನಾನು ಸತ್ತಿದ್ದೇನಾ?" ಎಂದು ಕೇಳಿದೆ.

ಅಪ್ಪನ ಲೇಖನಿ ಒಂದು ಕ್ಷಣ ನಿಂತಿತು.

"ಮುಂದಿನ ಸಾಲು ಓದು," ಎಂದರು.

ಅಂದು ಸಂಜೆ ಸೋದರತ್ತೆ ಬ್ರಿಜಿತ್ ವಿಷಯವನ್ನು ಬಿಡಿಸಿ ಹೇಳಿದಳು. "ನೀನು ಎರಡನೇ ಪಾಸ್ಕು. ನಿನ್ನ ಮೊದಲು ಒಬ್ಬ ಇದ್ದ. ಹನ್ನೊಂದು ತಿಂಗಳಿಗೇ ಜ್ವರ ಬಂದು ಹೋದ. ಅಜ್ಜನ ಹೆಸರು ನಿಂತುಹೋಗ್ಬಾರ್ದಲ್ಲ, ನೀನು ಹುಟ್ಟಿದಾಗ ನಿನಗೆ ಇಟ್ಟದ್ದು. ಅವನು ಬೆಳ್ಳಗಿದ್ದ."

ಕೊನೆಯ ವಾಕ್ಯದ ಅಗತ್ಯವಿರಲಿಲ್ಲ.

ನಮ್ಮಲ್ಲಿ ಹಿಂದೆ ಇದ್ದ ಕ್ರಮವೇ ಅದು. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು. ಆ ಮಗು ಉಳಿಯದಿದ್ದರೆ ಮುಂದೆ ಹುಟ್ಟುವ ಗಂಡಿಗೆ ಅದೇ ಹೆಸರು. ಹೀಗೆ ತೊಟ್ಟಿಲು, ಕುಲಾವಿ, ಜ್ಞಾನಸ್ನಾನದ ಬಿಳಿಯ ಅಂಗಿಯ ಜೊತೆಗೆ ಹೆಸರೂ ನನಗೆ ಒಬ್ಬ ತೊಟ್ಟು ಬಿಟ್ಟದ್ದೇ ಸಿಕ್ಕಿತು. ತಮ್ಮಂದಿರಿಗೂ ತಂಗಿಗೂ ಹೊಸ ಹೆಸರುಗಳು ಬಂದವು. ಇದು ನನ್ನ ಮನಸ್ಸಿನಲ್ಲಿ ಉಳಿಯಿತು.

ಇನ್ನೊಂದು ಸಂಗತಿಯೂ ಉಳಿಯಿತು. ನಾವು ತಾಯಿಯನ್ನು ಮಾಂಯ್ ಎನ್ನುತ್ತೇವೆ. ಮಾಂಯ್ ನನ್ನನ್ನು ಎಂದೂ ಒಂದು ಸಲ ಕರೆದದ್ದಿಲ್ಲ. ಬಾವಿಕಟ್ಟೆಯಿಂದಾಗಲಿ ಅಡುಗೆಮನೆಯಿಂದಾಗಲಿ ಮೊದಲು ಮೆಲ್ಲಗೆ, "ಪಾಸ್ಕೂ..." ಎಂದು ಒಂದು ಸಲ, ಸ್ವಲ್ಪ ತಡೆದು, "ಪಾಸ್ಕೂ!" ಎಂದು ಗಟ್ಟಿಯಾಗಿ ಇನ್ನೊಂದು ಸಲ. ಮೊದಲ ಕರೆಗೇ ನಾನು ಎದುರಿಗೆ ಓಡಿ ಬಂದು ನಿಂತಿದ್ದರೂ ಎರಡನೆಯದು ಬಂದೇ ಬರುತ್ತಿತ್ತು. ತಮ್ಮಂದಿರನ್ನು ಒಂದೇ ಸಲ ಕರೆಯುತ್ತಿದ್ದಳು. ನಾನು ಹೇಳಿದ ಮಾತು ಕೇಳದ ಹುಡುಗನೆಂದು ನೆರೆಕರೆಗೆಲ್ಲ ಸಾರುವ ಉಪಾಯವಿದು ಎಂದು ತಿಳಿದು, ಈ ಅನ್ಯಾಯವನ್ನೂ ಉಳಿದವುಗಳ ಜೊತೆಗೆ ಒಳಗೆ ಇಟ್ಟುಕೊಂಡೆ.

ಇವುಗಳಲ್ಲಿ ಒಂದನ್ನೂ ನಾನು ಕ್ವಿನ್‌ಗೆ ಹೇಳಲಿಲ್ಲ. ಹೇಳಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಅವರು ತಮ್ಮ ಕಥೆ ಹೇಳಿದರು. ಅವರ ತಂದೆಗೆ ಎಂಬತ್ತನಾಲ್ಕು ವರ್ಷ. ಮೆಲ್ಬೋರ್ನಿನಲ್ಲಿ ಹಾಸಿಗೆ ಹಿಡಿದಿದ್ದರು. ವೈದ್ಯರು ವರ್ಷದ ಮಾತು ಬಿಟ್ಟು ತಿಂಗಳ ಮಾತಿಗೆ ಬಂದಿದ್ದರು. ಮುದುಕರಿಗೆ ಉಳಿದದ್ದು ಒಂದೇ ಆಸೆ. ಎಳವೆಯಲ್ಲಿ ತನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅಜ್ಜ ಡೇನಿಯಲ್ ಐರ್ಲೆಂಡಿನ ಯಾವ ಊರಿನವನೆಂದು ತಿಳಿಯಬೇಕು. ಆ ಊರಿನ ಇಗರ್ಜಿಯಲ್ಲಿ ಅವನ ಆತ್ಮಕ್ಕೆ ಒಂದು ಪೂಜೆ ಹೇಳಿಸಬೇಕು. ಆಲೂಗಡ್ಡೆಯ ಬೆಳೆ ಕೊಳೆತು ದೇಶಕ್ಕೆ ದೇಶವೇ ಹಸಿದಿದ್ದ ಕಾಲದಲ್ಲಿ ಹುಟ್ಟಿದವನು ಆ ಅಜ್ಜ. ಹರೆಯದಲ್ಲಿ ಹಡಗು ಹತ್ತಿದವನು ತನ್ನ ಊರಿನ ಹೆಸರನ್ನು ಮತ್ತೆಂದೂ ಆಡಲಿಲ್ಲವಂತೆ. ಯಾರಾದರೂ ಕೇಳಿದರೆ ಎದ್ದು ಕುದುರೆಗೆ ನೀರು ಕುಡಿಸಲು ಹೋಗುತ್ತಿದ್ದನಂತೆ.

ಸಿಕ್ಕಿದ್ದ ದಾಖಲೆ ಒಂದೇ, ಹಡಗಿನ ಪಟ್ಟಿ. ಡೇನಿಯಲ್ ಕ್ವಿನ್, ವಯಸ್ಸು ಹತ್ತೊಂಬತ್ತು, ತಂದೆ ಪ್ಯಾಟ್ರಿಕ್, ತಾಯಿ ಹೊನೋರಾ. ಜಿಲ್ಲೆಯ ಹೆಸರಿತ್ತು, ಊರಿನದಿರಲಿಲ್ಲ. ಜಿಲ್ಲೆಯಲ್ಲಿ ಹತ್ತಾರು ಇಗರ್ಜಿಗಳು. ಕ್ವಿನ್‌ರ ತಂಗಿ ಮೆಲ್ಬೋರ್ನಿನ ಗ್ರಂಥಾಲಯದಲ್ಲಿ ಕುಳಿತು, ಒಂದೊಂದೇ ಇಗರ್ಜಿಯ ಪುಸ್ತಕವನ್ನು ಮೈಕ್ರೋಫಿಲ್ಮಿನಲ್ಲಿ ನೋಡಿ, ಓದಲಾಗದ ಪುಟಗಳನ್ನು ಅಣ್ಣನಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದಳು. ಪ್ರತಿ ಶುಕ್ರವಾರ ಮಗ ಫೋನು ಮಾಡಿದಾಗ ತಂದೆ ಕೇಳುವುದು ಒಂದೇ ಮಾತು: "ಊರು ಸಿಕ್ಕಿತೇ?"

ಹೀಗೆ ಎರಡು ತಿಂಗಳ ಗುರುವಾರಗಳನ್ನು ನಾವಿಬ್ಬರೂ ಹಾಲಿಲ್ಲದ ಸುಲೈಮಾನಿ ಚಹಾದ ಲೋಟಗಳ ನಡುವೆ ಆ ಹಾಳೆಗಳನ್ನು ಹರಡಿಕೊಂಡು ಕಳೆದೆವು. ಸತ್ಯ ಹೇಳುವುದಾದರೆ, ದೋಹಾದಲ್ಲಿ ನಾನು ಕಳೆದ ಸುಖದ ಗಂಟೆಗಳು ಅವು. ಮರಳುಗಾಳಿ ಕಿಟಕಿಯ ಗಾಜನ್ನು ಉಜ್ಜುತ್ತಿರುವಾಗ ನಾನು ಐರ್ಲೆಂಡಿನ ಹಸುಗೂಸುಗಳ ಹೆಸರು ಓದುತ್ತಿದ್ದೆ. ಅಲ್ಲಿಯ ಪಾದ್ರಿಗಳೂ ನಮ್ಮ ಪಾದ್ರಿಗಳಂತೆಯೇ ಸೋಮಾರಿಗಳು. ಶಾಯಿಗೆ ನೀರು ಬೆರೆಸುವವರು. ಅಲ್ಲಿಯೂ ಬ್ರಿಜಿತ್ ಎಂಬ ಹೆಂಗಸೊಬ್ಬಳು ಊರಿನ ಅರ್ಧ ಮಕ್ಕಳಿಗೆ ಜ್ಞಾನತಾಯಿಯಾಗಿದ್ದಳು. ಅವಳೂ ಯಾರಿಗೋ, "ಅವನು ಬೆಳ್ಳಗಿದ್ದ" ಎಂದಿರಬಹುದು.

ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಕ್ವಿನ್ ತಮ್ಮ ಕೋಣೆಯಿಂದಲೇ ಕೂಗಿದರು. "ಪಾಲ್! ಸಿಕ್ಕಿದ! ಸಿಕ್ಕಿದ!"

ಹೋಗಿ ನೋಡಿದೆ. ಡೇನಿಯಲ್, ತಂದೆ ಪ್ಯಾಟ್ರಿಕ್ ಕ್ವಿನ್, ತಾಯಿ ಹೊನೋರಾ, ಜ್ಞಾನತಾಯಿ ಅದೇ ಬ್ರಿಜಿತ್. ಕ್ವಿನ್‌ರ ಒಂದು ಕೈ ಆಗಲೇ ಫೋನಿನ ಮೇಲಿತ್ತು. ತಂದೆಗೆ ಹೇಳಲು ಅಂಕಿಗಳನ್ನು ಒತ್ತತೊಡಗಿದ್ದರು. ಅಷ್ಟರಲ್ಲಿ ಎರಡು ಸಂಗತಿಗಳು ನನ್ನ ಕಣ್ಣಿಗೆ ಬಿದ್ದವು. ಹಡಗಿನ ಪಟ್ಟಿಯ ಪ್ರಕಾರ ಲೆಕ್ಕ ಹಾಕಿದರೆ ಈ ತಾರೀಖು ಎರಡು ವರ್ಷ ಹಿಂದಿನದು. ಮತ್ತು ಅಂಚಿನಲ್ಲಿ, ಮಸಿಯ ಕಲೆಯೆಂದು ಅವರು ತಿಳಿದ ಜಾಗದಲ್ಲಿ, ಒಂದು ಸಣ್ಣ ಶಿಲುಬೆ.

ಮೃದುವಾಗಿ ಹೇಳುವ ವಿದ್ಯೆ ನನಗೆ ಬಾರದು. ತಪ್ಪು ಕಂಡೊಡನೆ ಹೇಳುವುದು ನನ್ನ ವೃತ್ತಿ.

"ಫೋನು ಇಡಿ ಸರ್. ಈ ಮಗು ಸತ್ತುಹೋಗಿದೆ."

ಅವರ ಮುಖದ ಕೆಂಪು ಒಮ್ಮೆಗೇ ಇಳಿಯಿತು. ಆಮೇಲೆ ಎರಡರಷ್ಟಾಗಿ ಏರಿತು. "ನಿಮ್ಮನ್ನು ಕೂರಿಸಿದ್ದು ಓದಲು, ಹೂಳಲು ಅಲ್ಲ," ಎಂದರು. ಬಾಗಿಲು ತೆರೆದಿತ್ತು. ನಕ್ಷೆ ಬರೆಯುವ ಇಬ್ಬರು ತಲೆಯೆತ್ತಿ ನೋಡಿದರು. "ನಿಮ್ಮ ಕಪಾಟುಗಳ ಬಳಿಗೆ ಹೋಗಿ. ಇನ್ನು ಇದು ನಿಮ್ಮ ಕೆಲಸವಲ್ಲ."

ನಾನು ಹೋದೆ.

ನನ್ನ ನಾಲಿಗೆಯ ತುದಿಯಲ್ಲಿ ಇನ್ನೂ ಒಂದು ವಾಕ್ಯವಿತ್ತು. ಅದೇ ಪುಸ್ತಕದಲ್ಲಿ ಎರಡು ವರ್ಷ ಮುಂದಕ್ಕೆ ನೋಡಿ ಎಂಬ ವಾಕ್ಯ. ಅದನ್ನು ನುಂಗಿಕೊಂಡು ಹದಿನೇಳು ದಿನ ಸುಮ್ಮನಿದ್ದೆ.

ಆ ಹದಿನೇಳು ದಿನಗಳಲ್ಲಿ ಕ್ವಿನ್ ತಂಗಿಗೆ, ಇದು ನಮ್ಮ ಮನೆತನವಲ್ಲ, ಈ ಇಗರ್ಜಿಯನ್ನು ಬಿಟ್ಟು ಮುಂದಿನದಕ್ಕೆ ಹೋಗು ಎಂದು ತಿಳಿಸಿದರು. ಅವಳು ಮುಂದಿನ ಊರಿಗೆ, ಅದರಾಚೆಯ ಊರಿಗೆ, ಹೀಗೆ ಅಜ್ಜನಿಂದ ದೂರ ದೂರಕ್ಕೆ ಹುಡುಕುತ್ತ ಹೋದಳು. ತಂದೆಯ ಆರೋಗ್ಯ ಕೆಟ್ಟಿದ್ದರಿಂದ ಫೋನು ಈಗ ಕಚೇರಿಗೇ ಬರುತ್ತಿತ್ತು. ನಡುವಿನ ತೆಳುವಾದ ಹಲಗೆಯ ಗೋಡೆಯ ಮೂಲಕ ನನಗೆ ಎಲ್ಲವೂ ಕೇಳಿಸುತ್ತಿತ್ತು. "ಇಲ್ಲ ಡ್ಯಾಡ್. ಇನ್ನೂ ಇಲ್ಲ ಡ್ಯಾಡ್." ನನ್ನ ಕಿವಿಗಳು ಸರಿಯಾಗಿದ್ದದ್ದಕ್ಕೆ ನಾನು ವ್ಯಥೆಪಟ್ಟದ್ದು ಆ ದಿನಗಳಲ್ಲಿ ಮಾತ್ರ.

ಅವಮಾನವಾಯಿತೆಂದು ಸುಮ್ಮನಿದ್ದೆ ಎಂದುಕೊಂಡಿದ್ದೆ. ಅದು ಅರ್ಧ ಸತ್ಯ. ಆ ವಾಕ್ಯವನ್ನು ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ಅವರು ಕೇಳುತ್ತಾರೆ. ನಾನು ಎರಡನೆಯವನೆಂಬುದನ್ನು ಐವತ್ತೆರಡು ವರ್ಷ ವಯಸ್ಸಾಗುವವರೆಗೂ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ಅಲ್ ಮುಂತಜಾ ಎಂಬ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ನನ್ನ ಜೊತೆ ಇದ್ದವರು ಹಸನಬ್ಬ. ಬಂಟ್ವಾಳದ ಕಡೆಯ ಬ್ಯಾರಿಗಳು. ಕೆಳಗಿನ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಶುಕ್ರವಾರ ಅವರು ಮಸೀದಿಯಿಂದ, ನಾನು (ಅಲ್ಲಿ ಆಗ ಇಗರ್ಜಿಗೆ ಅನುಮತಿ ಇರಲಿಲ್ಲವಾದ್ದರಿಂದ) ಫಲಕವಿಲ್ಲದ ಒಂದು ವಿಲ್ಲಾದಲ್ಲಿ ನಡೆಯುತ್ತಿದ್ದ ಪೂಜೆಯಿಂದ ಮರಳಿದ ಮೇಲೆ ಒಟ್ಟಿಗೆ ಊಟ. ಆ ದಿನದ ಅಡುಗೆ ಯಾವಾಗಲೂ ನನ್ನದು. ಹದಿನೇಳನೆಯ ದಿನ ಶುಕ್ರವಾರವಾಗಿತ್ತು. ಹಸನಬ್ಬ ಹಮೂರ್ ಮೀನಿನ ಸಾರನ್ನು ಬಾಯಿಗಿಟ್ಟು, ತಟ್ಟೆಯನ್ನು ದೂರ ಸರಿಸಿದರು.

"ಪೊರ್ಬುಗಳೇ, ಎಂತ ಆಗಿದೆ ನಿಮಗೆ?" ಎಂದರು. ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವುದೇ ಹಾಗೆ. "ಹೋದ ವಾರ ಹುಳಿ ಇರ್ಲಿಲ್ಲ. ಈ ವಾರ ಉಪ್ಪು ಇಲ್ಲ."

"ಉಪ್ಪು ಕಡಿಮೆ ತಿನ್ನುವುದು ಒಳ್ಳೆಯದು."

"ಯಾರಿಗೆ? ಮೀನಿಗಾ?"

ಅವರೆದುರು ಮುಖ ಗಂಟಿಕ್ಕಿ ಕೂರುವುದು ಕಷ್ಟ. ಎಲ್ಲವನ್ನೂ ಹೇಳಿದೆ: ಕ್ವಿನ್‌ರ ಮಾತು, ಮುದುಕರ ಆಸೆ, ಅಂಚಿನ ಶಿಲುಬೆ, ಕೊನೆಗೆ, ತಟ್ಟೆ ನೋಡುತ್ತ, ನಾನು ಎರಡನೆಯ ಪಾಸ್ಕು ಎಂಬುದನ್ನೂ.

"ಅಷ್ಟೇಯಾ?" ಎಂದರು ಹಸನಬ್ಬ. "ನಮ್ಮ ಅಕ್ಕ ಆಸಿಯಮ್ಮನೂ ಎರಡನೆಯವಳೇ. ಮೊದಲಿನ ಆಸಿಯಮ್ಮ ತೊಟ್ಟಿಲಲ್ಲೇ ಹೋದದ್ದು. ಇದ್ರಲ್ಲಿ ಅಡಗಿಸಿ ಇಡ್ಲಿಕ್ಕೆ ಎಂತ ಉಂಟು? ಕಳ್ಳಮಾಲಾ?"

ನಾನು ಉಪ್ಪಿನ ಡಬ್ಬಿ ತಂದು ಅವರ ತಟ್ಟೆಯ ಪಕ್ಕದಲ್ಲಿಟ್ಟೆ.

"ಅಲ್ಲ ಮಾರಾಯ್ರೆ, ಅಲ್ಲಿ ಒಬ್ರು ಮುದುಕರು ಒಂದು ಊರಿನ ಹೆಸ್ರು ಕೇಳ್ತಾ ಮಲಗಿದ್ದಾರೆ. ಇಲ್ಲಿ ನೀವು ಗೊತ್ತಿದ್ದೂ ಬಾಯಿಗೆ ಬೀಗ ಹಾಕಿ ಕೂತಿದ್ದೀರಿ. ಆ ಮನುಷ್ಯ ನಿಮಗೆ ಬೈದದ್ದು ತಪ್ಪು, ಒಪ್ಪಿದೆ. ಅವ್ರ ಅಪ್ಪ ನಿಮಗೆ ಎಂತ ಮಾಡಿದ್ದಾರೆ?"

"ಅವರು ಏನೂ ಮಾಡಿಲ್ಲ."

"ಮತ್ತೆ? ನಾಳೆ ಹೋಗಿ ಹೇಳಿ, ಖಲಾಸ್. ನನಗೆ ಬರುವ ಶುಕ್ರವಾರ ಸಾರಿಗೆ ಉಪ್ಪು ಬೇಕು."

ಶನಿವಾರ ಬೆಳಿಗ್ಗೆ ಕಚೇರಿ ತೆರೆದೊಡನೆ ನಾನು ಕಪಾಟಿನಿಂದ ಎರಡು ನಕ್ಷೆಗಳನ್ನು ತೆಗೆದುಕೊಂಡು ಕ್ವಿನ್‌ರ ಮೇಜಿನ ಮೇಲೆ ಅಕ್ಕಪಕ್ಕ ಹಾಸಿದೆ. ಯಾವುದೋ ಗೋದಾಮಿನ ತಳಪಾಯದ ನಕ್ಷೆಗಳು. ಎರಡಕ್ಕೂ ಒಂದೇ ಸಂಖ್ಯೆ. ಒಂದರ ಮೇಲೆ ಕೆಂಪು ಮುದ್ರೆ.

"ಏನಿದು?"

"ಒಂದು ನಕ್ಷೆ ರದ್ದಾದರೆ ನಾವು ಹೊಸ ಸಂಖ್ಯೆ ಹುಡುಕುತ್ತೇವೆಯೇ, ಸರ್?"

"ಇಲ್ಲ. ಅದೇ ಸಂಖ್ಯೆ, ಮುಂದಿನ ಅಕ್ಷರ. ಇದನ್ನು ನನಗೆ ಹೇಳಿಕೊಡುತ್ತೀರಾ?"

"ಹಾಗಾದರೆ ನಿಮ್ಮ ತಂಗಿ ಬೇರೆ ಇಗರ್ಜಿಗಳನ್ನು ಬಿಡಲಿ. ಅದೇ ಇಗರ್ಜಿಯಲ್ಲಿ ಎರಡು ವರ್ಷ ಮುಂದಿನ ಪುಟಗಳನ್ನು ನೋಡಲಿ. ಅದೇ ತಂದೆ, ಅದೇ ತಾಯಿ, ಅದೇ ಹೆಸರು."

ಕ್ವಿನ್ ನಕ್ಷೆಗಳನ್ನೂ ನನ್ನನ್ನೂ ನೋಡಿದರು. "ಸತ್ತ ಮಗುವಿನ ಹೆಸರನ್ನು ಇನ್ನೊಂದು ಮಗುವಿಗೆ? ಯಾರಾದರೂ ಹಾಗೆ ಮಾಡುತ್ತಾರೆಯೇ?"

"ನಮ್ಮಲ್ಲಿ ಮಾಡುತ್ತಿದ್ದರು. ನಿಮ್ಮವರೂ ಮಾಡುತ್ತಿದ್ದರೆಂದು ತೋರುತ್ತದೆ. ಸಮುದ್ರ ದಾಟಿದ ಮೇಲೆ ಮರೆತಿದ್ದೀರಿ."

"ನಿಮಗೆ ಹೇಗೆ ಗೊತ್ತು?"

ಬಂದಿತು, ನಾನು ಹೆದರಿದ್ದ ಪ್ರಶ್ನೆ.

"ನಾನು ರಿವಿಷನ್ ಬಿ, ಸರ್," ಎಂದೆ.

ಅವರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೆಂಪು ಮುದ್ರೆಯ ನಕ್ಷೆಯನ್ನು, ಅಂಚು ಮಡಚದಂತೆ, ತಾವೇ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು.

ಮುಂದಿನ ಗುರುವಾರ ಫ್ಯಾಕ್ಸ್ ಬಂದಿತು. ಹಾಳೆಯ ತಲೆಯ ಮೇಲೆ ತಂಗಿಯ ದೊಡ್ಡ ಅಕ್ಷರ: ಇದ್ದಾನೆ! ಅದರ ಕೆಳಗೆ ಆ ಹಳೆಯ ಪಾದ್ರಿಯ ಅದೇ ನೀರು ನೀರು ಬರಹ. ಡೇನಿಯಲ್, ಪ್ಯಾಟ್ರಿಕ್ ಮತ್ತು ಹೊನೋರಾ, ಹತ್ತೊಂಬತ್ತು ವರ್ಷಕ್ಕೆ ಸರಿಹೊಂದುವ ತಾರೀಖು. ಅಂಚು ಖಾಲಿ. ಆ ಖಾಲಿ ಅಂಚನ್ನು ಭೂತಗನ್ನಡಿಯಲ್ಲಿ ಮೂರು ಸಲ ನೋಡಿದ ಮೇಲೆಯೇ ನಾನು ತಲೆಯಾಡಿಸಿದ್ದು. ಕ್ವಿನ್ ಉಸಿರು ಬಿಟ್ಟದ್ದೂ ಆಗಲೇ. ಫ್ಯಾಕ್ಸ್ ಹಿಡಿದು ಅವರು ನನ್ನ ವಿಭಾಗದ ಬಾಗಿಲಿಗೆ ಬಂದಿದ್ದರು. ಮೂರು ವರ್ಷಗಳಲ್ಲಿ ಅಲ್ಲಿಗೆ ಬಂದದ್ದು ಅದೇ ಮೊದಲು. ಬಂದವರು ಹೊಸ್ತಿಲಲ್ಲಿ ನಿಂತು, "ಪಾಸ್ಕಲ್" ಎಂದು ಕರೆದಿದ್ದರು. ಕ್ಷಮೆ ಕೇಳಲಿಲ್ಲ, ಇದನ್ನು ನಾನು ಗಮನಿಸಿದ್ದೇನೆ. ಆದರೆ ಅಂದಿನಿಂದ 'ಪಾಲ್' ಎಂದದ್ದಿಲ್ಲ.

ಮೆಲ್ಬೋರ್ನಿನ ಮುದುಕರಿಗೆ ಫೋನಿನಲ್ಲಿ ಊರಿನ ಹೆಸರು ಹೇಳಿದಾಗ ಅವರು ಅದನ್ನು ನಾಲ್ಕೈದು ಸಲ ತಾವೇ ಹೇಳಿಕೊಂಡರಂತೆ. ಆಮೇಲೆ ಮೊದಲನೆಯ ಡೇನಿಯಲನ ವಿಷಯ ಕೇಳಿ, "ಪೂಜೆ ಇಬ್ಬರಿಗೂ ಹೇಳಿಸು," ಎಂದರಂತೆ. ಐರ್ಲೆಂಡಿನ ಆ ಊರಿನ ಪಾದ್ರಿಗಳಿಂದ, ಇಬ್ಬರು ಡೇನಿಯಲರ ಹೆಸರನ್ನೂ ಓದಿ ಪೂಜೆ ಮಾಡಿದೆವೆಂದು ಕಾಗದ ಬಂದಿತು. ಅದನ್ನು ಮಗಳು ಓದಿ ಹೇಳಿದ್ದನ್ನು ಕೇಳಿಸಿಕೊಂಡೇ ಮುದುಕರು ಹೋದರು.

ತಂದೆಯನ್ನು ಮಣ್ಣುಮಾಡಿ ದೋಹಾಕ್ಕೆ ಮರಳಿದ ಕ್ವಿನ್, ಒಂದು ಗುರುವಾರ ಮಧ್ಯಾಹ್ನ ಎರಡು ಲೋಟ ಸುಲೈಮಾನಿ ಹಿಡಿದುಕೊಂಡು ನನ್ನ ವಿಭಾಗಕ್ಕೆ ಬಂದರು. ಓದಲು ಹಾಳೆಗಳಿರಲಿಲ್ಲ. ಸುಮ್ಮನೆ ಕುಳಿತರು.

"ನಿಮ್ಮ ಮೊದಲನೆಯ ಪಾಸ್ಕಲ್," ಎಂದರು. "ಅವನು ಹೇಗಿದ್ದ?"

ಐವತ್ತೆರಡು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಯಾರು ಯಾವಾಗ ಏನಂದರೆಂಬುದನ್ನು ತಾರೀಖು ಸಮೇತ ನೆನಪಿಟ್ಟುಕೊಂಡಿರುವ ನಾನು ಕೂಡ ಯಾರನ್ನೂ ಕೇಳಿರಲಿಲ್ಲ. ನನಗೆ ಗೊತ್ತಿದ್ದದ್ದು ಬ್ರಿಜಿತ್ ಅತ್ತೆಯ ಒಂದೇ ವಾಕ್ಯ.

"ಬೆಳ್ಳಗಿದ್ದನಂತೆ," ಎಂದೆ. ಹೇಳಿ ನನಗೇ ನಾಚಿಕೆಯಾಯಿತು.

ಆ ವರ್ಷದ ರಜೆಯಲ್ಲಿ ಊರಿಗೆ ಹೋದಾಗ ಮಾಂಯ್‌ಗೆ ಎಪ್ಪತ್ತೇಳು. ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಗೆರಸೆಯಲ್ಲಿ ಒಣಸಿಗಡಿ ಹರಡಿಕೊಂಡು ತಲೆ ಬಾಲ ಮುರಿಯುತ್ತಿದ್ದಳು. ನಾನು ಎದುರಿಗೆ ಕುಳಿತು ನಾಲ್ಕು ಸಿಗಡಿಗಳ ತಲೆ ಮುರಿದೆ. ಆಮೇಲೆ ಕೇಳಿದೆ.

"ಮಾಂಯ್, ಮೊದಲಿನ ಪಾಸ್ಕು ಹೇಗಿದ್ದ?"

ಅವಳ ಬೆರಳುಗಳು ನಿಂತವು. ಅಪ್ಪನ ಲೇಖನಿ ನಿಂತಂತೆಯೇ. ಆದರೆ ಅವಳು ಮುಂದಿನ ಸಾಲಿಗೆ ಹೋಗಲಿಲ್ಲ.

"ಈಗ ಕೇಳ್ಬೇಕು ಅಂತ ಆಯ್ತಾ ನಿನಗೆ?" ಎಂದಳು.

"ಬೆಳ್ಳಗಿದ್ದನಂತಲ್ಲ."

"ಯಾರು ಹೇಳಿದ್ದು, ಬ್ರಿಜಿತಾ? ಅವಳಿಗೆ ಕಣ್ಣೇ ಸರಿ ಇರ್ಲಿಲ್ಲ. ಅವನು ನಿನ್ನ ಹಾಗೆಯೇ ಕಪ್ಪು." ಗೆರಸೆಯನ್ನು ಸ್ವಲ್ಪ ಕುಲುಕಿದಳು. "ನಡೀಲಿಕ್ಕೆ ಕಲ್ತಿರ್ಲಿಲ್ಲ. ಮಾತು ಬರ್ತಿರ್ಲಿಲ್ಲ. ಒಂದೇ ಒಂದು ಬರ್ತಿತ್ತು ಪುತಾ ಅವನಿಗೆ. ಹೆಸ್ರು ಕರೆದ್ರೆ ತಿರುಗಿ ನೋಡ್ತಿದ್ದ. ಎಲ್ಲಿದ್ರೂ, ಎಂತ ಆಡ್ತಿದ್ರೂ, ಒಂದು ಸಲ ಪಾಸ್ಕೂ ಅಂದ್ರೆ ಸಾಕು, ಹೀಗೆ ತಿರುಗಿ ನೋಡ್ತಿದ್ದ."

ಮಾಂಯ್ ಕತ್ತು ತಿರುಗಿಸಿ ತೋರಿಸಿದಳು. ಎಪ್ಪತ್ತೇಳು ವರ್ಷದ ಆ ಮುಖದಲ್ಲಿ ಒಂದು ಕ್ಷಣ ಹನ್ನೊಂದು ತಿಂಗಳ ಮಗು ನನ್ನನ್ನು ನೋಡಿತು.

"ನಿನಗೆ ಅದೇ ಹೆಸ್ರು ಇಟ್ರು. ನಿನ್ನನ್ನು ಕರೀಬೇಕಾದ್ರೆ ಮೊದಲು ಅವನನ್ನು ಕರೆದ ಹಾಗೆ ಆಗ್ತಿತ್ತು ನನಗೆ. ಅವನನ್ನು ಕರೆದು ಅವನ ಮುಂದೆಯೇ ನಿನ್ನನ್ನು ಮಾತಾಡ್ಸುದು ಹೇಗೆ? ಅದಕ್ಕೆ ಒಂದು ಸಲ ಅವನಿಗೆ ಕರೀತಿದ್ದೆ. ಸ್ವಲ್ಪ ನಿಲ್ತಿದ್ದೆ. ಆಮೇಲೆ ನಿನಗೆ." ಸಿಗಡಿಯ ತಲೆಯೊಂದನ್ನು ಮುರಿದು ಅಂಗಳಕ್ಕೆ ಎಸೆದಳು. "ನೀನು ಮೊದಲನೆಯದಕ್ಕೇ ಓಡಿ ಬರ್ತಿದ್ದಿ. ಯಾವಾಗ್ಲೂ ಅವಸರ ನಿನಗೆ."

ಆ ರಜೆಯ ಉಳಿದ ಇಪ್ಪತ್ತಮೂರು ದಿನ ಮಾಂಯ್ ಎಲ್ಲಿಂದ ಕರೆದರೂ ನಾನು ಮೊದಲನೆಯದಕ್ಕೆ ಏಳಲಿಲ್ಲ. ಅವಳು ಅದನ್ನು ಗಮನಿಸಿದಳೆಂದು ನನಗೆ ಗೊತ್ತು. ಎರಡು ಕರೆಗಳ ನಡುವಿನ ತಡೆ ಸ್ವಲ್ಪ ಸ್ವಲ್ಪ ಉದ್ದವಾಗುತ್ತ ಹೋಯಿತು.

ಮಾಂಯ್ ಹೋಗಿ ಈಗ ಇಪ್ಪತ್ತು ವರ್ಷಗಳ ಮೇಲಾಯಿತು. ತಾವಾಗಿ ನನ್ನನ್ನು ಎರಡು ಸಲ ಕರೆಯುವವರು ಯಾರೂ ಉಳಿದಿಲ್ಲ. ಆದ್ದರಿಂದ ಕರೆಸಿಕೊಳ್ಳಬೇಕಾಗಿದೆ. ಇದನ್ನು ಕಿವಿಯ ಡಾಕ್ಟರರಿಗೆ ಹೇಳಲಿಲ್ಲ. ಅವರು ನನ್ನನ್ನು ನಲವತ್ತು ನಿಮಿಷ ಕಾಯಿಸಿದ್ದರು. ಜೆಸಿಂತಳಿಗೂ ಹೇಳಿಲ್ಲ, ಈಸ್ಟರಿನ ಮಾತನ್ನು ನಾನಿನ್ನೂ ಮರೆತಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ.

ಈಗ, ಇದನ್ನು ಬರೆಯುತ್ತಿರುವಾಗ, ಅವಳು ಅಡುಗೆಮನೆಯಿಂದ "ಪಪ್ಪಾ" ಎಂದು ಕರೆದಳು. ಊಟಕ್ಕಿರಬೇಕು. ಲೇಖನಿ ಹಿಡಿದೇ ಸುಮ್ಮನೆ ಕುಳಿತಿದ್ದೇನೆ. ಹನ್ನೊಂದು ತಿಂಗಳ ಮಗುವಿಗೆ ತಿರುಗಿ ನೋಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಇಗೋ, ಇನ್ನೊಂದು ಕರೆ ಬಂದಿತು, ಸ್ವಲ್ಪ ಸಿಟ್ಟಿನಲ್ಲಿಯೇ.

ಇದು ನನ್ನದು. ಏಳುತ್ತೇನೆ.